ಕನೆಕ್ಷನ್ ಎಲ್ಲಿ ಕಡಿಯಿತು: ಲಿನಕ್ಸ್ ಸರ್ವರಿನ ನೆಟ್‌ವರ್ಕ್ ತೊಂದರೆ ಹುಡುಕುವ ಕ್ರಮ

ಸರ್ವರ್ ಸಿಗುತ್ತಿಲ್ಲ ಎಂಬ ದೂರು ಬಂದ ತಕ್ಷಣ ಸರ್ವಿಸ್ ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್ ಆದೊಡನೆ ತುಂಬಿ ನಿಂತಿದ್ದ ಕ್ಯೂ ಖಾಲಿಯಾಗುತ್ತದೆ, ಸಿಕ್ಕಿಕೊಂಡಿದ್ದ ಸಾಕೆಟ್‌ಗಳು ಮಾಯವಾಗುತ್ತವೆ, ಕಾರಣ ಹೇಳಬಹುದಾಗಿದ್ದ ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ. ಎರಡು ದಿನ ಬಿಟ್ಟು ಅದೇ ದೂರು ಮತ್ತೆ ಬರುತ್ತದೆ. ಫೈರ್‌ವಾಲ್ ಆಫ್ ಮಾಡಿ ನೋಡುವುದೂ ಇಂಥದೇ ಅಭ್ಯಾಸ, ಅದರಲ್ಲಿ ಅಪಾಯ ಬೇರೆ ಸೇರಿದೆ.

ಮೊದಲ ಕೆಲಸ, ಕ್ಲೈಂಟಿಗೆ ಬಂದ ಎರರ್ ಯಾವುದೆಂದು ಅಕ್ಷರಕ್ಷರ ಓದುವುದು. ಯಾವ ಟೂಲ್ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಅದೇ ಹೇಳುತ್ತದೆ. ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ. ಹೆಚ್ಚಿನವಕ್ಕೆ ರೂಟ್ ಅಧಿಕಾರ ಬೇಕು.

## ನಾಲ್ಕು ಸಂಖ್ಯೆಗಳು

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಎರರ್‌ಗಳಿಗೆ ಸಂಖ್ಯೆ ಇದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಎರರ್ ಲಾಗಿನಲ್ಲಿ ಅದು ಕಂಸದೊಳಗೆ ಬಂದಿರುತ್ತದೆ. ನಾಲ್ಕನ್ನು ನೆನಪಿಟ್ಟುಕೊಂಡರೆ ಅರ್ಧ ದಾರಿ ಸವೆದಂತೆ.

111 ಎಂದರೆ ನಿರಾಕರಣೆ. ಪ್ಯಾಕೆಟ್ ಸರ್ವರಿನವರೆಗೂ ತಲುಪಿದೆ, ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲವೆಂದು ಕರ್ನಲ್ (ಲಿನಕ್ಸ್‌ನ ತಿರುಳು) ರೀಸೆಟ್, ಅಂದರೆ ಕನೆಕ್ಷನ್ ಕಡಿಯುವ ಪ್ಯಾಕೆಟ್, ಕಳಿಸಿದೆ. ಅಂದರೆ ರೂಟಿಂಗ್ ಚೆನ್ನಾಗಿದೆ, ಆ್ಯಪ್ ಎದ್ದಿಲ್ಲ ಅಥವಾ ಬೇರೆ ವಿಳಾಸದಲ್ಲಿ ಕೂತಿದೆ. ಫೈರ್‌ವಾಲ್‌ನಲ್ಲಿ ರಿಜೆಕ್ಟ್ ರೂಲ್ ಇದ್ದರೂ ಇದೇ ಎರರ್ ಬರಬಹುದು.

113 ಹೆಸರಿನಲ್ಲೇ ದಾರಿ ತಪ್ಪಿಸುತ್ತದೆ. "ನೋ ರೂಟ್ ಟು ಹೋಸ್ಟ್" ಎಂದು ಕಂಡೊಡನೆ ರೂಟಿಂಗ್ ಟೇಬಲ್ ಕೆದಕುತ್ತ ಕೂರುವವರು ಬಹಳ. ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಸರ್ವಿಸ್ ಓಡುತ್ತಿರುವ ಸರ್ವರಿನಲ್ಲಿ ಪೋರ್ಟ್ ತೆರೆಯದೇ ಇದ್ದರೂ ಕ್ಲೈಂಟಿಗೆ ಇದೇ ಕಾಣುತ್ತದೆ, ಏಕೆಂದರೆ ಅದು "ನಿಷೇಧಿಸಲಾಗಿದೆ" ಎಂಬ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸುವ ಪ್ರೋಟೋಕಾಲ್) ಸಂದೇಶ ಕಳಿಸುತ್ತದೆ. ಪಿಂಗ್ ಹೋಗುತ್ತಿದೆ, ಆದರೆ 113 ಬರುತ್ತಿದೆ ಎಂದಾದರೆ ಫೈರ್‌ವಾಲ್ ನೋಡಿ.

110 ಎಂದರೆ ಟೈಮ್‌ಔಟ್: ಯಾರಿಂದಲೂ ಯಾವ ಉತ್ತರವೂ ಬಂದಿಲ್ಲ. ಡ್ರಾಪ್ ರೂಲ್ (ಉತ್ತರ ಕೊಡದೆ ಎಸೆಯುವ ಫೈರ್‌ವಾಲ್ ರೂಲ್), ತುಂಬಿದ ಕ್ಯೂ, ವಾಪಸ್ ದಾರಿ ಇಲ್ಲದಿರುವುದು, ಯಾವುದೂ ಆಗಿರಬಹುದು. ಕ್ಲೈಂಟ್ ಕರ್ನಲ್ ಸುಮ್ಮನೆ ಕೂರುವುದಿಲ್ಲ. 5ನೇ ಸರಣಿಯ ಕರ್ನಲ್‌ಗಳಲ್ಲಿ ಕನೆಕ್ಷನ್ ಕೋರುವ ಮೊದಲ ಸಿನ್ ಪ್ಯಾಕೆಟ್ಟಿಗೆ ಉತ್ತರ ಸಿಗದಿದ್ದರೆ 1, 3, 7, 15, 31, 63ನೇ ಸೆಕೆಂಡುಗಳಲ್ಲಿ ಮತ್ತೆ ಕಳಿಸಿ, ಸುಮಾರು 127 ಸೆಕೆಂಡಿಗೆ ಕೈಬಿಡುತ್ತದೆ. ಪುಟ ಸರಿಯಾಗಿ 1 ಅಥವಾ 3 ಸೆಕೆಂಡು ತಡವಾಗಿ ತೆರೆಯುತ್ತಿದ್ದರೆ ಮೊದಲ ಸಿನ್ ಎಲ್ಲೋ ಬಿದ್ದುಹೋಗುತ್ತಿದೆ ಎಂದೇ ಲೆಕ್ಕ.

104 ಬೇರೆ ಜಾತಿಯದು. ಕನೆಕ್ಷನ್ ಕೂಡಿಕೊಂಡಿತ್ತು, ಆಮೇಲೆ ಎದುರಿನವರು ರೀಸೆಟ್ ಮಾಡಿದರು. ಇದಕ್ಕೆ ಪೋರ್ಟ್, ಫೈರ್‌ವಾಲ್ ಎಂದು ಮೊದಲಿಂದ ಹುಡುಕಬೇಕಾಗಿಲ್ಲ. "ನಡುವೆಯೇ ಕಡಿಯುವ ಕನೆಕ್ಷನ್" ಎಂಬ ಭಾಗಕ್ಕೆ ನೇರವಾಗಿ ಹೋಗಿ.

ಕ್ಲೈಂಟ್ ಕಡೆಯಿಂದ ಪರೀಕ್ಷಿಸಲು ಕರ್ಲ್ ಸಾಕು. ಮೈನಸ್ ವಿ ಹಾಕಿ, ಜೊತೆಗೆ ಕನೆಕ್ಟ್-ಟೈಮ್‌ಔಟ್ 5 ಎಂದು ಕೊಡಿ, ಇಲ್ಲವಾದರೆ ಎರಡು ನಿಮಿಷ ಪರದೆ ನೋಡುತ್ತ ಕೂರಬೇಕಾಗುತ್ತದೆ. ಸಿಗುತ್ತದೆ ಆದರೆ ನಿಧಾನ ಎಂಬ ದೂರಿಗೆ ಕರ್ಲ್‌ನ ರೈಟ್-ಔಟ್ ಆಯ್ಕೆಯಲ್ಲಿ ನಾಲ್ಕು ಸಮಯ ಕೇಳಿ: ಹೆಸರು ಹುಡುಕಿದ್ದು, ಟಿಸಿಪಿ ಕೂಡಿದ್ದು, ಟಿಎಲ್‌ಎಸ್ (ಗೂಢಲಿಪಿಯ ಒಪ್ಪಂದ) ಮುಗಿದದ್ದು, ಮೊದಲ ಬೈಟ್ ಬಂದದ್ದು. ನಾಲ್ಕೂ ಆರಂಭದಿಂದ ಎಣಿಸಿದ ಒಟ್ಟು ಸಮಯ, ಆದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ನೋಡಿ.

ಹೆಸರು ಹುಡುಕಲು 5 ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದಿದ್ದರೆ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನ ಮೊದಲ ನೇಮ್‌ಸರ್ವರ್ ಸತ್ತಿದೆ. ಅಲ್ಲಿ ಡೀಫಾಲ್ಟ್ ಕಾಯುವಿಕೆ 5 ಸೆಕೆಂಡು, ಅದು ಮುಗಿದ ಮೇಲಷ್ಟೇ ಎರಡನೆಯದನ್ನು ಕೇಳುತ್ತದೆ. ಇಲ್ಲಿ ಡಿಗ್ ಕಮಾಂಡ್ ನಂಬಿ ಮೋಸಹೋಗುವುದುಂಟು. ಡಿಗ್ ನೇರವಾಗಿ ಡಿಎನ್‌ಎಸ್ ಕೇಳುತ್ತದೆ, ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ. ಆ್ಯಪ್‌ಗೆ ಯಾವ ಐಪಿ ಸಿಗುತ್ತಿದೆ ಎಂದು ತಿಳಿಯಲು ಗೆಟ್‌ಎಂಟ್ ಕಮಾಂಡಿಗೆ ಎಹೋಸ್ಟ್ಸ್ ಎಂದು ಕೊಟ್ಟು ಕೇಳಿ. ಯಾರೋ ಎಂದೋ ಹೋಸ್ಟ್ಸ್ ಫೈಲಿನಲ್ಲಿ ಬರೆದಿಟ್ಟು ಮರೆತ ಒಂದು ಸಾಲು ಇಲ್ಲಿ ಸಿಕ್ಕಿಬೀಳುತ್ತದೆ.

## ಸರ್ವರಿನೊಳಗೆ: ಎಸ್‌ಎಸ್

ನೆಟ್‌ಸ್ಟ್ಯಾಟ್ ಹಳೆಯದಾಯಿತು, ಅದರ ಜಾಗದಲ್ಲಿ ಈಗ ಎಸ್‌ಎಸ್ ಇದೆ. ಮೈನಸ್ ಟಿಎಲ್‌ಎನ್‌ಪಿ ಎಂದು ನಾಲ್ಕಕ್ಷರ ಸೇರಿಸಿ ಓಡಿಸಿದರೆ ಕೇಳುತ್ತಿರುವ ಟಿಸಿಪಿ ಪೋರ್ಟುಗಳು ಪ್ರೋಸೆಸ್ ಹೆಸರಿನ ಸಮೇತ ಬರುತ್ತವೆ.

ಲೋಕಲ್ ಅಡ್ರೆಸ್ ಕಾಲಂ ನೋಡಿ. 127.0.0.1 ಎಂದಿದ್ದರೆ ಆ ಸರ್ವಿಸ್ ಅದೇ ಯಂತ್ರದೊಳಗಿನವರಿಗೆ ಮಾತ್ರ, ಹೊರಗಿನಿಂದ ಬಂದವರಿಗೆ 111. 0.0.0.0 ಎಂದಿದ್ದರೆ ಎಲ್ಲ ಐಪಿವಿ4 ವಿಳಾಸಗಳಲ್ಲೂ ತೆರೆದಿದೆ. ಡೇಟಾಬೇಸ್ ಇನ್‌ಸ್ಟಾಲ್ ಮಾಡಿದ ಹೊಸದರಲ್ಲಿ "ಸರ್ವರಿನಲ್ಲಿ ಲಾಗಿನ್ ಆಗುತ್ತದೆ, ನನ್ನ ಯಂತ್ರದಿಂದ ಆಗುವುದಿಲ್ಲ" ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ ಕಾಲಂ.

ಅದೇ ಸಾಲಿನ ರೆಸೀವ್-ಕ್ಯೂ, ಸೆಂಡ್-ಕ್ಯೂ ಎಂಬ ಎರಡು ಸಂಖ್ಯೆಗಳನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೇಳುತ್ತಿರುವ ಸಾಕೆಟ್ಟಿನಲ್ಲಿ ಅವುಗಳ ಅರ್ಥವೇ ಬೇರೆ: ಮೊದಲನೆಯದು ಆ್ಯಪ್ ಇನ್ನೂ ಎತ್ತಿಕೊಳ್ಳದೆ ಸಾಲಿನಲ್ಲಿ ನಿಂತ ಕನೆಕ್ಷನ್‌ಗಳು, ಎರಡನೆಯದು ಆ ಸಾಲಿನ ಗರಿಷ್ಠ ಉದ್ದ. ಮೊದಲನೆಯದು ಎರಡನೆಯದನ್ನು ಮುಟ್ಟಿದರೆ ಹೊಸ ಸಿನ್ ಪ್ಯಾಕೆಟ್‌ಗಳನ್ನು ಕರ್ನಲ್ ಸದ್ದಿಲ್ಲದೆ ಬಿಸಾಡುತ್ತದೆ. ಕ್ಲೈಂಟಿಗೆ ಕಾಣುವುದು 110, ಆ್ಯಪ್ ಲಾಗಿನಲ್ಲಿ ಒಂದಕ್ಷರವೂ ಇರುವುದಿಲ್ಲ. ಎನ್‌ಸ್ಟ್ಯಾಟ್ ಕಮಾಂಡಿಗೆ ಮೈನಸ್ ಎಝಡ್ ಕೊಟ್ಟು ಲಿಸನ್-ಓವರ್‌ಫ್ಲೋಸ್ ಕೌಂಟರನ್ನು ಹತ್ತು ಸೆಕೆಂಡಿನ ಅಂತರದಲ್ಲಿ ಎರಡು ಸಲ ನೋಡಿ, ಏರುತ್ತಿದ್ದರೆ ಅನುಮಾನ ಖಚಿತ.

ಸಾಲಿನ ಉದ್ದ ಎರಡು ಕಡೆ ತೀರ್ಮಾನವಾಗುತ್ತದೆ: ಆ್ಯಪ್ ಕೇಳಿದ ಬ್ಯಾಕ್‌ಲಾಗ್ ಮತ್ತು ಕರ್ನಲ್‌ನ ಸೋಮ್ಯಾಕ್ಸ್‌ಕಾನ್. ಎರಡರಲ್ಲಿ ಚಿಕ್ಕದೇ ಊರ್ಜಿತ. ಸೋಮ್ಯಾಕ್ಸ್‌ಕಾನ್ 5.4ರ ಕರ್ನಲ್‌ನಿಂದ 4096, ಅದಕ್ಕೆ ಮುಂಚೆ 128. ಲಿನಕ್ಸ್‌ನಲ್ಲಿ ಎಂಜಿನ್‌ಎಕ್ಸ್ ತಾನಾಗಿ ಕೇಳುವುದು 511, ಹಾಗಾಗಿ ಸೋಮ್ಯಾಕ್ಸ್‌ಕಾನ್ ಒಂದನ್ನೇ ಏರಿಸಿ ಏನೂ ಬದಲಾಗಲಿಲ್ಲವೆಂದು ತಲೆ ಕೆರೆದುಕೊಳ್ಳಬೇಡಿ. ಲಿಸನ್ ಸಾಲಿನಲ್ಲಿ ಬ್ಯಾಕ್‌ಲಾಗ್ ಕೂಡ ಬರೆದು, ಸೆಂಡ್-ಕ್ಯೂ ಬದಲಾಯಿತೇ ಎಂದು ಎಸ್‌ಎಸ್‌ನಲ್ಲೇ ಖಾತ್ರಿ ಮಾಡಿಕೊಳ್ಳಿ. ಆದರೆ ಇದು ಕ್ಷಣಿಕ ನೂಕುನುಗ್ಗಲಿಗೆ ಮಾತ್ರ ಮದ್ದು. ಆ್ಯಪ್ ಸದಾ ನಿಧಾನವಾಗಿದ್ದರೆ ಉದ್ದದ ಸಾಲಿನಿಂದ ಕಾಯುವ ಸಮಯ ಹೆಚ್ಚುತ್ತದೆಯೇ ಹೊರತು ಕೆಲಸ ಮುಗಿಯುವುದಿಲ್ಲ.

ಇನ್ನು ಸಾಕೆಟ್ ಸ್ಥಿತಿಗಳು. ಎಸ್‌ಎಸ್‌ಗೆ ಮೈನಸ್ ಎಸ್ ಕೊಟ್ಟರೆ ಒಟ್ಟು ಲೆಕ್ಕ ಸಿಗುತ್ತದೆ.

ಕ್ಲೋಸ್-ವೇಟ್ ಹೆಚ್ಚುತ್ತಿದ್ದರೆ ಅದು ನೆಟ್‌ವರ್ಕಿನ ದೋಷವಲ್ಲ. ಎದುರಿನವರು ಮಾತು ಮುಗಿಸಿ ಹೋಗಿದ್ದಾರೆ, ನಿಮ್ಮ ಆ್ಯಪ್ ಸಾಕೆಟ್ ಮುಚ್ಚಿಲ್ಲ. ಇದಕ್ಕೆ ಕರ್ನಲ್‌ನಲ್ಲಿ ಟೈಮರ್ ಇಲ್ಲ, ಸಿಸ್‌ಕಂಟ್ರೋಲ್ (sysctl, ಕರ್ನಲ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ತಿರುವಿ ಪ್ರಯೋಜನವೂ ಇಲ್ಲ. ಒಂದು ಪ್ರೋಸೆಸ್ಸಿಗೆ ಸಾಮಾನ್ಯವಾಗಿ ಸಿಗುವ 1024 ಫೈಲ್ ಡಿಸ್ಕ್ರಿಪ್ಟರ್ ಮಿತಿ ಮುಟ್ಟಿದ ದಿನ "ಟೂ ಮೆನಿ ಓಪನ್ ಫೈಲ್ಸ್" ಎಂದು ಎಲ್ಲವೂ ನಿಲ್ಲುತ್ತದೆ. ಪ್ರೋಸೆಸ್ ಹೆಸರಿನ ಸಮೇತ ಪಟ್ಟಿ ತೆಗೆದು ಕೋಡ್ ಬರೆದವರಿಗೆ ಕೊಡಿ.

ಟೈಮ್-ವೇಟ್ ಕಂಡು ಗಾಬರಿಯಾಗುವುದು ಸಾಮಾನ್ಯ, ಹೆಚ್ಚಿನ ಸಲ ಅನಗತ್ಯ. ಕನೆಕ್ಷನ್ ಮೊದಲು ಮುಚ್ಚಿದವರ ಬಳಿ ಅದು 60 ಸೆಕೆಂಡು ಇರಲೇಬೇಕು. ತೊಂದರೆ ಬರುವುದು ಒಂದೇ ಸಂದರ್ಭದಲ್ಲಿ: ನಿಮ್ಮ ಸರ್ವರೇ ಒಂದೇ ಐಪಿಯ ಒಂದೇ ಪೋರ್ಟಿಗೆ ಕ್ಷಣಕ್ಷಣಕ್ಕೂ ಹೊಸ ಕನೆಕ್ಷನ್ ತೆರೆಯುತ್ತಿದ್ದಾಗ. ಹೊರಹೋಗುವ ಪೋರ್ಟುಗಳ ವ್ಯಾಪ್ತಿ 32768ರಿಂದ 60999, ಒಟ್ಟು 28,232. ಒಂದೊಂದೂ 60 ಸೆಕೆಂಡು ಬಂಧಿಯಾದರೆ ಸೆಕೆಂಡಿಗೆ ಸುಮಾರು 470 ಕನೆಕ್ಷನ್ ದಾಟುವಂತಿಲ್ಲ. ಪರಿಹಾರ ಕನೆಕ್ಷನ್ ಮರುಬಳಕೆ. ಎಂಜಿನ್‌ಎಕ್ಸ್ ಆದರೆ ಅಪ್‌ಸ್ಟ್ರೀಮ್ ಬ್ಲಾಕಿನಲ್ಲಿ ಕೀಪ್‌ಅಲೈವ್, ಪ್ರಾಕ್ಸಿ ಎಚ್‌ಟಿಟಿಪಿ ವರ್ಷನ್ 1.1, ಕನೆಕ್ಷನ್ ಹೆಡರ್ ಖಾಲಿ, ಮೂರನ್ನೂ ಬರೆಯಿರಿ. ಟಿಡಬ್ಲ್ಯೂ-ರೀಸೈಕಲ್ ಆನ್ ಮಾಡಿ ಎಂಬ ಹಳೆಯ ಸಲಹೆ ಎಲ್ಲಾದರೂ ಕಂಡರೆ ಬಿಟ್ಟುಬಿಡಿ. ನ್ಯಾಟ್ (ಹಲವು ಯಂತ್ರಗಳನ್ನು ಒಂದೇ ಐಪಿಯ ಹಿಂದಿಡುವ ವಿಳಾಸ ಬದಲಾವಣೆ) ಹಿಂದಿನ ಕ್ಲೈಂಟುಗಳ ಕನೆಕ್ಷನ್‌ಗಳನ್ನು ಅದು ಕೆಡಿಸುತ್ತಿತ್ತು, 4.12ರ ಕರ್ನಲ್‌ನಲ್ಲಿ ತೆಗೆದೇ ಹಾಕಿದ್ದಾರೆ.

## ಫೈರ್‌ವಾಲ್ ಮುಟ್ಟುವ ಮುನ್ನ

ದೂರದ ಸರ್ವರಿನ ಫೈರ್‌ವಾಲ್ ಬದಲಿಸುವಾಗ ತನ್ನನ್ನೇ ಹೊರಗೆ ಹಾಕಿಕೊಂಡು ಬಾಗಿಲು ಬಡಿಯುವ ಸಂಭವ ಸದಾ ಇದೆ. ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್ ಬಳಸುವವರು ಈ ಕ್ರಮ ಬಿಡಬಾರದು.

1. ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಎಂದು ಈಗಿನ ರೂಲ್‌ಗಳನ್ನು ಫೈಲಿಗೆ ಇಳಿಸಿ. ಫೈಲಿನ ಮೊದಲ ಸಾಲಿಗೆ ಫ್ಲಶ್ ರೂಲ್‌ಸೆಟ್ ಎಂದು ನೀವೇ ಸೇರಿಸಬೇಕು. ಅದಿಲ್ಲದಿದ್ದರೆ ವಾಪಸ್ ಲೋಡ್ ಮಾಡಿದಾಗ ಹಳೆಯ ರೂಲ್‌ಗಳು ಹೊಸವುಗಳ ಹಿಂದೆ ಹೋಗಿ ನಿಲ್ಲುತ್ತವೆ, ಕೆಟ್ಟ ರೂಲ್ ಹಾಗೇ ಉಳಿಯುತ್ತದೆ.
2. ಸಿಸ್ಟಮ್‌ಡಿ-ರನ್ ಕಮಾಂಡಿಗೆ ಆನ್-ಆ್ಯಕ್ಟಿವ್ 5 ನಿಮಿಷ ಎಂದು ಕೊಟ್ಟು, ಆ ಫೈಲನ್ನು ಮರಳಿ ಲೋಡ್ ಮಾಡುವ ಕೆಲಸ ನಿಗದಿ ಮಾಡಿ. ಅದು ತೋರಿಸುವ ಟೈಮರ್ ಹೆಸರು ಬರೆದಿಟ್ಟುಕೊಳ್ಳಿ.
3. ಹೊಸ ಫೈಲನ್ನು ಮೈನಸ್ ಸಿ, ಮೈನಸ್ ಎಫ್ ಸೇರಿಸಿ ಬರೀ ಪರೀಕ್ಷಿಸಿ. ತಪ್ಪಿಲ್ಲವೆಂದಾದರೆ ಮೈನಸ್ ಎಫ್ ಒಂದರಿಂದಲೇ ಜಾರಿ ಮಾಡಿ.
4. ಈಗಿರುವ ಎಸ್‌ಎಸ್‌ಎಚ್ ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ. ಹಳೆಯ ಸೆಷನ್ ನಡೆಯುತ್ತಿದೆ ಎಂಬುದು ಸಾಕ್ಷಿಯಲ್ಲ, ಎಸ್ಟಾಬ್ಲಿಷ್ಡ್ ರೂಲ್ ಅದನ್ನು ಕಾಪಾಡುತ್ತಿರುತ್ತದೆ.
5. ಹೊಸ ಲಾಗಿನ್ ಆದರೆ ಟೈಮರ್ ನಿಲ್ಲಿಸಿ. ಆಗದಿದ್ದರೆ ಕೈಕಟ್ಟಿ ಕೂರಿ, ಐದು ನಿಮಿಷಕ್ಕೆ ಹಳೆಯ ಸ್ಥಿತಿ ಬರುತ್ತದೆ.

ಡಾಕರ್ (ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಇರುವ ಯಂತ್ರದಲ್ಲಿ ಫ್ಲಶ್ ರೂಲ್‌ಸೆಟ್ ಬೇಡವೇ ಬೇಡ, ಕಂಟೇನರ್‌ಗಳ ನ್ಯಾಟ್ ರೂಲ್‌ಗಳೂ ಅಳಿಸಿಹೋಗುತ್ತವೆ. ನಿಮ್ಮ ರೂಲ್‌ಗಳನ್ನು ಸ್ವಂತ ಟೇಬಲ್ಲಿನಲ್ಲಿಟ್ಟು ಅದನ್ನಷ್ಟೇ ಅಳಿಸಿ ಬರೆಯಿರಿ. ಇನ್ನೊಂದು ಹಳ್ಳವೂ ಇಲ್ಲೇ ಇದೆ: ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಟೂಲಿನಲ್ಲಿ 8080 ಮುಚ್ಚಿದ್ದರೂ ಡಾಕರ್ ಪಬ್ಲಿಷ್ ಮಾಡಿದ 8080 ಲೋಕಕ್ಕೆಲ್ಲ ತೆರೆದಿರುತ್ತದೆ. ಆ ಪ್ಯಾಕೆಟ್‌ಗಳು ವಿಳಾಸ ಬದಲಾಗಿ ಫಾರ್ವರ್ಡ್ ಚೈನಿಗೆ ಹೋಗುತ್ತವೆ, ಯುಎಫ್‌ಡಬ್ಲ್ಯೂ ಕಾಯುತ್ತಿರುವ ಇನ್‌ಪುಟ್ ಚೈನಿಗೆ ಬರುವುದೇ ಇಲ್ಲ. ಪಬ್ಲಿಷ್ ಮಾಡುವಾಗಲೇ 127.0.0.1:8080 ಎಂದು ಕಟ್ಟಿ, ಮುಂದೆ ರಿವರ್ಸ್ ಪ್ರಾಕ್ಸಿ (ಹೊರಗಿನ ರಿಕ್ವೆಸ್ಟ್ ಪಡೆದು ಹಿಂದಿನ ಆ್ಯಪ್‌ಗೆ ದಾಟಿಸುವ ಸರ್ವರ್) ಇಡಿ.

ಐಸಿಎಂಪಿ ಪೂರ್ತಿ ಮುಚ್ಚುವುದು ಭದ್ರತೆಯೆಂಬ ನಂಬಿಕೆ ಇನ್ನೂ ಹೋಗಿಲ್ಲ. ಐಪಿವಿ6ರಲ್ಲಿ ಅದನ್ನು ಮುಚ್ಚಿದರೆ ಪಕ್ಕದ ಯಂತ್ರವನ್ನು ಹುಡುಕುವ ವ್ಯವಸ್ಥೆಯೇ ನಿಂತು ಸಂಪರ್ಕ ಸಾಯುತ್ತದೆ. ಐಪಿವಿ4ರಲ್ಲಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತೊಂದರೆ ಕಾಡುತ್ತದೆ, ಅದನ್ನು ಮುಂದೆ ನೋಡೋಣ.

ಇದ್ದ ಕನೆಕ್ಷನ್‌ಗಳೆಲ್ಲ ಸರಾಗ, ಹೊಸವು ಮಾತ್ರ ಟೈಮ್‌ಔಟ್ ಎಂದಾದರೆ ಡಿಮೆಸೇಜ್ (dmesg, ಕರ್ನಲ್ ಸಂದೇಶಗಳ ಪಟ್ಟಿ) ತೆಗೆದು ಎನ್‌ಎಫ್ ಕಾನ್‌ಟ್ರ್ಯಾಕ್ (ಫೈರ್‌ವಾಲ್ ಇಡುವ ಕನೆಕ್ಷನ್‌ಗಳ ಪಟ್ಟಿ) ಟೇಬಲ್ ತುಂಬಿದೆ ಎಂಬ ಸಾಲು ಹುಡುಕಿ. ಕಾನ್‌ಟ್ರ್ಯಾಕ್ ಕೌಂಟ್ ಮತ್ತು ಮ್ಯಾಕ್ಸ್ ಎರಡನ್ನೂ ಸಿಸ್‌ಕಂಟ್ರೋಲ್‌ನಲ್ಲಿ ಹೋಲಿಸಬಹುದು. ಕೂಡಿದ ಕನೆಕ್ಷನ್ನಿನ ನಮೂದು ಸುಮ್ಮನಿದ್ದರೂ 4,32,000 ಸೆಕೆಂಡು, ಅಂದರೆ 5 ದಿನ ಅಲ್ಲೇ ಇರುತ್ತದೆ. ಮ್ಯಾಕ್ಸ್ ಏರಿಸುವುದರ ಜೊತೆಗೆ ಇದನ್ನು 1 ದಿನಕ್ಕೆ ಇಳಿಸಿದರೆ ಸತ್ತ ನಮೂದುಗಳು ಬೇಗ ತೊಲಗುತ್ತವೆ.

## ಟಿಸಿಪಿಡಂಪ್: ಎರಡೂ ತುದಿಯಲ್ಲಿ ಹಿಡಿಯಿರಿ

ಇಷ್ಟಾದರೂ ಕಾರಣ ಸಿಗದಿದ್ದರೆ ಟಿಸಿಪಿಡಂಪ್ ಕಮಾಂಡಿನಲ್ಲಿ ಪ್ಯಾಕೆಟ್ ನೋಡಲೇಬೇಕು. ಮೈನಸ್ ಐ ಎನಿ, ಮೈನಸ್ ಎನ್‌ಎನ್, ಕ್ಲೈಂಟ್ ಐಪಿ ಮತ್ತು ಪೋರ್ಟ್, ಇಷ್ಟು ಫಿಲ್ಟರ್ ಸಾಕು. ಮೈನಸ್ ಎನ್‌ಎನ್ ಮರೆತರೆ ಟಿಸಿಪಿಡಂಪ್ ಪ್ರತಿ ಐಪಿಗೂ ಹೆಸರು ಹುಡುಕಲು ಡಿಎನ್‌ಎಸ್ ಕೇಳುತ್ತ ನಿಧಾನವಾಗುತ್ತದೆ. ಒಂದೇ ತುದಿಯ ಸೆರೆ ಅರ್ಧ ಸತ್ಯ, ಸಾಧ್ಯವಾದರೆ ಕ್ಲೈಂಟ್ ಕಡೆಯೂ ಏಕಕಾಲಕ್ಕೆ ಹಿಡಿಯಿರಿ.

ಒಳಬರುವ ಪ್ಯಾಕೆಟ್‌ಗಳನ್ನು ಇದು ಫೈರ್‌ವಾಲ್‌ಗೆ ಮುಂಚೆಯೇ ನೋಡುತ್ತದೆ, ಹೊರಹೋಗುವುದನ್ನು ಫೈರ್‌ವಾಲ್ ದಾಟಿದ ಮೇಲೆ. ಆದ್ದರಿಂದ ಸಿನ್ ಕಾಣಿಸಿತು ಎಂದಮಾತ್ರಕ್ಕೆ ಫೈರ್‌ವಾಲ್ ಬಿಟ್ಟಿದೆ ಎಂದರ್ಥವಲ್ಲ.

ಸರ್ವರಿನಲ್ಲಿ ಸಿನ್ ಕಾಣಲೇ ಇಲ್ಲ: ತಡೆ ಹೊರಗಿದೆ. ಕ್ಲೌಡ್ ಆದರೆ ಸೆಕ್ಯುರಿಟಿ ಗ್ರೂಪ್ ನೋಡಿ. ಸಿನ್ ಬಂತು, ಉತ್ತರ ಹೊರಡಲಿಲ್ಲ: ಯಂತ್ರದೊಳಗಿನ ಡ್ರಾಪ್ ರೂಲ್, ತುಂಬಿದ ಸಾಲು, ಇಲ್ಲವೇ ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಆರ್‌ಪಿ-ಫಿಲ್ಟರ್. ಬಂದ ದಾರಿಯಲ್ಲೇ ವಾಪಸ್ ಹೋಗಲು ರೂಟ್ ಇಲ್ಲದ ಪ್ಯಾಕೆಟ್ಟನ್ನು ಅದು ಎಸೆಯುತ್ತದೆ. ಉತ್ತರ ಹೊರಟಿತು, ಕ್ಲೈಂಟಿಗೆ ಮುಟ್ಟಲಿಲ್ಲ: ವಾಪಸ್ ದಾರಿ ತಪ್ಪಿದೆ. ಐಪಿ ರೂಟ್ ಗೆಟ್ ಎಂದು ಬರೆದು ಕ್ಲೈಂಟ್ ಐಪಿ ಕೊಟ್ಟರೆ ಯಾವ ಇಂಟರ್‌ಫೇಸಿನಿಂದ ಹೊರಡುತ್ತದೆಂದು ತಿಳಿಯುತ್ತದೆ.

ಕೂಡಿಕೊಂಡಿತು, ಸಣ್ಣ ಪ್ಯಾಕೆಟ್ ಓಡಾಡಿದವು, ದೊಡ್ಡದು ಹೊರಟಾಗ ಅದೇ ಅದೇ ಮತ್ತೆ ಮತ್ತೆ ಕಳಿಸುತ್ತಿದೆ: ಇದು ಎಂಟಿಯು. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಉದ್ದದ ಫೈಲ್ ಪಟ್ಟಿ ತೆಗೆದರೆ ಪರದೆ ಸ್ತಬ್ಧ. ಟಿಎಲ್‌ಎಸ್‌ನಲ್ಲಾದರೆ ಕ್ಲೈಂಟ್ ಹಲೋ ಹೋಗಿ, ಸರ್ಟಿಫಿಕೇಟ್ ಹೊತ್ತ ದೊಡ್ಡ ಉತ್ತರ ಬರುವುದೇ ಇಲ್ಲ. ಪಿಂಗ್‌ಗೆ ಮೈನಸ್ ದೊಡ್ಡ ಎಂ, ಡೂ, ಮೈನಸ್ ಎಸ್ 1472 ಎಂದು ಕೊಡಿ. 28 ಬೈಟ್ ಹೆಡರ್ ಸೇರಿ 1500 ಆಗುತ್ತದೆ. ಅದು ಹೋಗದೆ 1392 ಹೋದರೆ ನಡುವೆ 1420ರ ಟನಲ್ ಇದೆ, ವೈರ್‌ಗಾರ್ಡ್‌ನ ಸಾಮಾನ್ಯ ಎಂಟಿಯು ಅದೇ. ವಿಎಕ್ಸ್‌ಲ್ಯಾನ್ ಆದರೆ 1450. ದೊಡ್ಡ ಪ್ಯಾಕೆಟ್ ಹಿಡಿಸದ ರೂಟರ್ "ಚಿಕ್ಕದು ಮಾಡು" ಎಂದು ಕಳಿಸುವ ಐಸಿಎಂಪಿಯನ್ನೇ ಯಾರೋ ಮುಚ್ಚಿದ್ದರಿಂದ ಹೀಗಾಗುತ್ತದೆ. ಆ ಐಸಿಎಂಪಿ ಬಿಡಿಸಿ. ಅದು ನಿಮ್ಮ ಕೈಯಲ್ಲಿಲ್ಲವಾದರೆ ಟನಲ್ ಇರುವ ಯಂತ್ರದ ಫಾರ್ವರ್ಡ್ ಚೈನಿನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಟಿಸಿಪಿ ಹೊರುವ ಗರಿಷ್ಠ ಡೇಟಾ) ಅನ್ನು ರೂಟಿನ ಎಂಟಿಯುಗೆ ಇಳಿಸುವ ರೂಲ್ ಹಾಕಿ.

ಸೆರೆಯಲ್ಲಿ 1500ಕ್ಕಿಂತ ದೊಡ್ಡ ಪ್ಯಾಕೆಟ್, ಹೊರಹೋಗುವುದರಲ್ಲಿ ತಪ್ಪು ಚೆಕ್‌ಸಮ್ ಕಂಡರೆ ಬೆಚ್ಚಬೇಡಿ. ತುಂಡರಿಸುವುದು, ಚೆಕ್‌ಸಮ್ ಹಾಕುವುದು ನೆಟ್‌ವರ್ಕ್ ಕಾರ್ಡಿನ ಕೆಲಸ, ನೀವು ನೋಡುತ್ತಿರುವುದು ಅದಕ್ಕೂ ಮುಂಚಿನ ರೂಪ.

ದಾರಿಯಲ್ಲಿ ಪ್ಯಾಕೆಟ್ ಬೀಳುತ್ತಿವೆಯೇ ಎಂದು ನೋಡಲು ಎಂಟಿಆರ್ ಇದೆ. ಮೈನಸ್ ದೊಡ್ಡ ಟಿ, ಮೈನಸ್ ದೊಡ್ಡ ಪಿ 443 ಎಂದರೆ ನಿಮ್ಮ ನಿಜವಾದ ಪೋರ್ಟಿನ ಮೇಲೇ ಅಳೆಯುತ್ತದೆ. ನಡುವಿನ ರೂಟರಿನಲ್ಲಿ ಶೇಕಡಾ 60 ನಷ್ಟ ಕಂಡು ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಅದು ನಷ್ಟವಲ್ಲ, ಆ ರೂಟರ್ ಉತ್ತರ ಕೊಡಲು ಜುಗ್ಗತನ ಮಾಡುತ್ತಿದೆ, ಅಷ್ಟೇ.

## ನಡುವೆಯೇ ಕಡಿಯುವ ಕನೆಕ್ಷನ್

ಈಗ 104. ದಿನಕ್ಕೆ ಹತ್ತಿಪ್ಪತ್ತು ಸಲ ಮಾತ್ರ ಪ್ರಾಕ್ಸಿಯಿಂದ 502 ಎಂಬ ಎಚ್‌ಟಿಟಿಪಿ ಎರರ್ ಬರುತ್ತದೆ, ಯಾವಾಗ ಎಂದು ಹೇಳಲಾಗದು, ಲೋಡ್ ಕಡಿಮೆ ಇದ್ದಾಗಲೇ ಹೆಚ್ಚು. ಇದು ಎರಡು ಟೈಮ್‌ಔಟ್‌ಗಳ ಜಗಳ. ಪ್ರಾಕ್ಸಿ ಒಂದು ಕನೆಕ್ಷನ್ನನ್ನು ಮುಂದೆ ಬೇಕಾದೀತೆಂದು ತೆರೆದಿಟ್ಟಿದೆ. ಹಿಂದಿನ ಆ್ಯಪ್ ಸುಮ್ಮನೆ ಬಿದ್ದಿದೆಯೆಂದು ಅದನ್ನು ಮುಚ್ಚುತ್ತದೆ. ಮುಚ್ಚಿದ ಸುದ್ದಿ ತಲುಪುವ ಮೊದಲೇ ಪ್ರಾಕ್ಸಿ ಅದೇ ಕನೆಕ್ಷನ್ನಿನಲ್ಲಿ ಹೊಸ ರಿಕ್ವೆಸ್ಟ್ ಕಳಿಸಿದರೆ ಬರುವ ಉತ್ತರ ರೀಸೆಟ್. ನೋಡ್ ಜೆಎಸ್ ಸರ್ವರಿನ ಕೀಪ್‌ಅಲೈವ್ ಬಹುಕಾಲದಿಂದ 5 ಸೆಕೆಂಡು, ಅಮೆಜಾನ್‌ನ ಅಪ್ಲಿಕೇಷನ್ ಲೋಡ್ ಬ್ಯಾಲೆನ್ಸರಿನ ಐಡಲ್ ಟೈಮ್‌ಔಟ್ 60. ಈ ಜೋಡಿಯನ್ನು ಡೀಫಾಲ್ಟಿನಲ್ಲೇ ಬಿಟ್ಟರೆ 502 ಖಂಡಿತ. ಯಾರು ರಿಕ್ವೆಸ್ಟ್ ಕಳಿಸುತ್ತಾರೋ ಅವರೇ ಮೊದಲು ಮುಚ್ಚುವಂತಿರಬೇಕು. ಹಿಂದಿನ ಆ್ಯಪ್‌ಗೆ 65 ಅಥವಾ 75 ಸೆಕೆಂಡು ಕೊಡಿ.

502 ಮತ್ತು 504 ಒಂದೇ ಅಲ್ಲ. 502 ಎಂದರೆ ಹಿಂದಿನವನು ಬಾಗಿಲು ತೆರೆಯಲಿಲ್ಲ ಅಥವಾ ನಡುವೆ ಮುಚ್ಚಿದ, 504 ಎಂದರೆ ಉತ್ತರಕ್ಕೆ ಕಾದು ಸಾಕಾಯಿತು. ಎಂಜಿನ್‌ಎಕ್ಸ್‌ನಲ್ಲಿ ಆ ಕಾಯುವಿಕೆ ಡೀಫಾಲ್ಟ್ 60 ಸೆಕೆಂಡು. ಲಾಗಿನಲ್ಲಿ 499 ಕಂಡರೆ ಕಾದು ಸುಸ್ತಾಗಿ ಹೊರಟುಹೋದದ್ದು ಕ್ಲೈಂಟ್.

ಡೇಟಾಬೇಸ್ ಪೂಲ್‌ಗಳದು (ಮರುಬಳಕೆಗೆಂದು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಇದರ ಮೌನ ರೂಪ. ರಾತ್ರಿಯೆಲ್ಲ ಸುಮ್ಮನಿದ್ದು ಬೆಳಗಿನ ಮೊದಲ ಕ್ವೆರಿ ಸಿಕ್ಕಿಕೊಳ್ಳುತ್ತದೆ. ನಡುವಿನ ನ್ಯಾಟ್ ಅಥವಾ ಲೋಡ್ ಬ್ಯಾಲೆನ್ಸರ್ ಆ ಕನೆಕ್ಷನ್ನನ್ನು ಎಂದೋ ಮರೆತಿದೆ, ಎರಡೂ ತುದಿಗೆ ಗೊತ್ತಿಲ್ಲ. ಅಮೆಜಾನ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ ಟಿಸಿಪಿಯನ್ನು ಡೀಫಾಲ್ಟಾಗಿ 350 ಸೆಕೆಂಡಿಗೆ ಮರೆಯುತ್ತದೆ, ಲಿನಕ್ಸ್ ಮೊದಲ ಕೀಪ್‌ಅಲೈವ್ ಕಳಿಸುವುದು 7200 ಸೆಕೆಂಡು ಕಳೆದ ಮೇಲೆ. ಟಿಸಿಪಿ ಕೀಪ್‌ಅಲೈವ್ ಟೈಮನ್ನು 300ಕ್ಕೆ ಇಳಿಸಿ. ಆದರೆ ಆ್ಯಪ್ ತನ್ನ ಸಾಕೆಟ್ಟಿನಲ್ಲಿ ಕೀಪ್‌ಅಲೈವ್ ಆನ್ ಮಾಡಿರದಿದ್ದರೆ ಈ ಸೆಟ್ಟಿಂಗಿಗೆ ಬೆಲೆಯಿಲ್ಲ. ಎಸ್‌ಎಸ್‌ಗೆ ಮೈನಸ್ ಟಿಎನ್‌ಒ ಕೊಟ್ಟಾಗ ಆ ಸಾಕೆಟ್ಟಿನ ಮುಂದೆ ಕೀಪ್‌ಅಲೈವ್ ಟೈಮರ್ ಕಾಣಬೇಕು. ಕಾಣದಿದ್ದರೆ ಡ್ರೈವರಿನ ಸೆಟ್ಟಿಂಗ್ ಹುಡುಕಿ.

## ಅಪರೂಪಕ್ಕೆ ಬರುವ ತೊಂದರೆಗೆ ಬಲೆ

ವಾರಕ್ಕೊಮ್ಮೆ ಬರುವುದನ್ನು ಕಾದು ಕೂತು ಹಿಡಿಯಲಾಗದು. ಟಿಸಿಪಿಡಂಪ್‌ಗೆ ಮೈನಸ್ ಡಬ್ಲ್ಯೂ ಫೈಲ್ ಹೆಸರು, ಮೈನಸ್ ದೊಡ್ಡ ಸಿ 100, ಮೈನಸ್ ದೊಡ್ಡ ಡಬ್ಲ್ಯೂ 20 ಎಂದು ಕೊಟ್ಟು ಬಿಡಿ. ಸುಮಾರು 100 ಎಂಬಿಯ 20 ಫೈಲುಗಳು ಸುತ್ತುತ್ತಿರುತ್ತವೆ, 2 ಜಿಬಿ ದಾಟುವುದಿಲ್ಲ. ಮೈನಸ್ ಎಸ್ 96 ಸೇರಿಸಿದರೆ ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟ್ ಮಾತ್ರ ಉಳಿದು ಇನ್ನೂ ಹೆಚ್ಚು ಕಾಲದ ದಾಖಲೆ ಸಿಗುತ್ತದೆ, ಹೆಡರ್ ನೋಡಲು ಅಷ್ಟು ಸಾಕು. ಕೆಲವು ಡಿಸ್ಟ್ರಿಬ್ಯೂಷನ್‌ಗಳಲ್ಲಿ ಟಿಸಿಪಿಡಂಪ್ ರೂಟ್ ಅಧಿಕಾರ ಬಿಟ್ಟು ಬೇರೆ ಯೂಸರ್ ಆಗುವುದರಿಂದ ಮೊದಲ ಫೈಲ್ ಬರೆದು ಎರಡನೆಯದಕ್ಕೆ "ಪರ್ಮಿಷನ್ ಡಿನೈಡ್" ಎಂದು ನಿಲ್ಲುತ್ತದೆ. ಆ ಯೂಸರ್ ಬರೆಯಬಹುದಾದ ಫೋಲ್ಡರ್ ಕೊಡಿ, ಅಥವಾ ಮೈನಸ್ ದೊಡ್ಡ ಝಡ್ ರೂಟ್ ಎನ್ನಿ.

ಜೊತೆಗೆ ನಿಮಿಷಕ್ಕೊಮ್ಮೆ ಎಸ್‌ಎಸ್ ಮೈನಸ್ ಎಸ್, ಎನ್‌ಸ್ಟ್ಯಾಟ್, ಕಾನ್‌ಟ್ರ್ಯಾಕ್ ಕೌಂಟ್ ಮೂರನ್ನೂ ಸಮಯದೊಂದಿಗೆ ಒಂದು ಫೈಲಿಗೆ ಬರೆಯುವ ಕ್ರಾನ್ ಹಾಕಿ. ಎರಡೂ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿವೆಯೇ ಎಂದು ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಮೊದಲೇ ನೋಡಿ, ಇಲ್ಲವಾದರೆ ಎರಡು ಕಡೆಯ ಸೆರೆಯನ್ನು ಹೊಂದಿಸುವುದರಲ್ಲೇ ದಿನ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪ್ಯಾಕೆಟ್ ಫೈಲುಗಳನ್ನು ಅಳಿಸಿ. ಟಿಎಲ್‌ಎಸ್ ಇಲ್ಲದ ಒಳಗಿನ ಸಂಚಾರದಲ್ಲಿ ಪಾಸ್‌ವರ್ಡ್, ಕುಕಿ ಎಲ್ಲವೂ ಬಯಲಾಗಿ ಕೂತಿರುತ್ತವೆ.